ಒಪ್ಪಿಗೆಯಿಲ್ಲದ ಸುನ್ನತಿ ಮತ್ತು ಪುರುಷನ ಮನಸ್ಸು

ಕಳೆದ ತಿಂಗಳು ಘಣಸೋಲಿಯ ಶ್ರೀ ಮೂಕಾಂಬಿಕಾ ಮಂದಿರದಲ್ಲಿ ಸಂಜೆಯ ಭಜನೆ ಮುಗಿದು, ಪ್ರಸಾದ ಸ್ವೀಕರಿಸಿ ಹೊರಬರುತ್ತಿದ್ದಾಗ ಪರಿಚಿತ ತರುಣರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಬ್ಯಾಂಕಿನವನಾದ ನನ್ನಲ್ಲಿ ಅವರು ಕೇಳಬೇಕಾಗಿದ್ದುದು ಮೆಡಿಕ್ಲೈಮ್ ವಿಚಾರ. ಐದು ವರ್ಷದ ಮಗನ ಮುಂದೊಗಲು ಹಿಂದಕ್ಕೆ ಸರಿಯುತ್ತಿಲ್ಲ; ಅದನ್ನು ತೆಗೆದುಬಿಡುವ ಸಣ್ಣ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಸೂಚಿಸಿದ್ದಾರೆ; ವಿಮೆಯ ಹಣ ದೊರೆಯಬಹುದೇ ಎಂಬುದು ಪ್ರಶ್ನೆ. ತಿಳಿದಷ್ಟನ್ನು ಹೇಳಿದೆ. ಮಗುವಿಗೆ ಏನು ಹೇಳಿದ್ದೀರಿ ಎಂದು ಕೇಳಿದಾಗ ಅವರು ನಕ್ಕು, “ವಾಶಿಯ ಮಾಲ್‌ಗೆ ಹೋಗುವುದೆಂದು ಹೇಳಿದ್ದೇವೆ ಅಣ್ಣ, ಇಲ್ಲದಿದ್ದರೆ ಹಠ ಮಾಡುತ್ತಾನೆ” ಎಂದರು.

ಆ ಮಾತು ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ಅದಕ್ಕೆ ಕಾರಣ ಹಳೆಯ ಸಹೋದ್ಯೋಗಿಯೊಬ್ಬರು ಹಿಂದೊಮ್ಮೆ ಹೇಳಿದ ಸಂಗತಿ. ಅದನ್ನು ಮುಂದೆ ವಿವರಿಸುವೆ. ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಮಾತನಾಡದ ವಿಷಯವಿದು. ಓದುಗರು ಸಂಕೋಚವನ್ನು ತುಸು ಬದಿಗಿಟ್ಟು ಓದಬೇಕೆಂದು ವಿನಂತಿ.

ಶಿಶ್ನದ ತುದಿಯನ್ನು ಮುಚ್ಚಿರುವ ಚರ್ಮವನ್ನು ಕತ್ತರಿಸಿ ತೆಗೆಯುವುದೇ ಸುನ್ನತಿ. ಕರ್ನಾಟಕದ ಕೆಲವೆಡೆ ಮುಸಲ್ಮಾನರ ಮನೆಗಳಲ್ಲಿ ಇದನ್ನು ಮುಂಜಿ ಎಂದೂ ಕರೆಯುವುದುಂಟು. ಮುಸಲ್ಮಾನರಿಗೂ ಯಹೂದ್ಯರಿಗೂ ಇದು ಧಾರ್ಮಿಕ ಆಚರಣೆ. ಅಮೆರಿಕದಲ್ಲಿ ಧರ್ಮದ ಕಾರಣವಿಲ್ಲದೆಯೂ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ ಮಾಡುವ ರೂಢಿ ಬೆಳೆದುಬಂದಿದೆ. ನಮ್ಮಂಥ ಹಿಂದೂ ಕುಟುಂಬಗಳಲ್ಲಿ ಇದು ಬರುವುದು ವೈದ್ಯರ ಚೀಟಿಯ ಮೂಲಕ ಮಾತ್ರ.

ಆ ಚೀಟಿಯ ಕುರಿತು ಎರಡು ಮಾತು. ಹುಟ್ಟಿದ ಗಂಡುಮಗುವಿನ ಮುಂದೊಗಲು ಒಳಭಾಗಕ್ಕೆ ಅಂಟಿಕೊಂಡಿರುವುದು ಪ್ರಕೃತಿ ನಿಯಮ. ಬ್ರಿಟನ್ನಿನ ಮಕ್ಕಳ ವೈದ್ಯ ಡಗ್ಲಸ್ ಗೇರ್ಡ್ನರ್ 1949ರಲ್ಲಿಯೇ ಇದನ್ನು ವಿವರಿಸಿ ಬರೆದರು; ಅಲ್ಲಿ ಶಿಶು ಸುನ್ನತಿಯ ರೂಢಿ ಇಳಿಮುಖವಾಗಲು ಆ ಲೇಖನವೂ ಒಂದು ಕಾರಣವೆನ್ನುತ್ತಾರೆ. ಡೆನ್ಮಾರ್ಕಿನ ಯಾಕೋಬ್ ಓಸ್ಟರ್ ಶಾಲಾ ಬಾಲಕರನ್ನು ವರ್ಷಗಟ್ಟಲೆ ಪರೀಕ್ಷಿಸಿ 1968ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆರೇಳು ವಯಸ್ಸಿನಲ್ಲಿ ನೂರಕ್ಕೆ ಸುಮಾರು 8 ಮಕ್ಕಳಲ್ಲಿದ್ದ ಬಿಗಿತ ಹದಿನಾರು ಹದಿನೇಳರ ಹೊತ್ತಿಗೆ ನೂರಕ್ಕೆ ಒಬ್ಬನಲ್ಲಿ ಉಳಿದಿತ್ತು. ಉಳಿದವರದು ತಾನಾಗಿಯೇ ಸಡಿಲಗೊಂಡಿತ್ತು. ಇಂದು ಸ್ಟೀರಾಯ್ಡ್ ಮುಲಾಮನ್ನು ಕೆಲವು ವಾರ ಹಚ್ಚಿದರೆ ಬಹುಪಾಲು ಮಕ್ಕಳಿಗೆ ಕತ್ತರಿಯ ಅಗತ್ಯ ಬೀಳುವುದಿಲ್ಲ. ಚರ್ಮ ಬಿಳಿಚಿ ಗಡುಸಾಗುವ ಕಾಯಿಲೆ, ಪದೇಪದೇ ಮರುಕಳಿಸುವ ಸೋಂಕು ಮುಂತಾದ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅದನ್ನು ನಿರ್ಧರಿಸಬೇಕಾದವರು ವೈದ್ಯರು, ನಾನಲ್ಲ. ನಾನು ಹೇಳಹೊರಟಿರುವುದು ಆ ಕೊಯ್ತ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬುದನ್ನು.

ಒಪ್ಪಿಗೆಯಿಲ್ಲದೆ ಸುನ್ನತಿಗೆ ಒಳಗಾದ ಗಂಡಸರು ತಮ್ಮ ಅನುಭವವನ್ನು ತಾವೇ ಬರೆದಿಟ್ಟ ಹಳೆಯ ದಾಖಲೆಗಳಲ್ಲಿ ಕೆಲವು ನಮ್ಮ ಕನ್ನಡ ನೆಲದವೇ ಎಂಬುದು ಅನೇಕರಿಗೆ ತಿಳಿದಿರಲಾರದು. 1782ರ ಜನವರಿಯಲ್ಲಿ ಫ್ರೆಂಚ್ ನೌಕಾಧಿಪತಿ ಸುಫ್ರೆನ್ ‘ಹ್ಯಾನಿಬಲ್’ ಎಂಬ ಬ್ರಿಟಿಷ್ ಯುದ್ಧನೌಕೆಯನ್ನು ವಶಪಡಿಸಿಕೊಂಡು, ಅದೇ ವರ್ಷ ತನ್ನ ಸೆರೆಯಾಳುಗಳನ್ನು ಹೈದರಾಲಿಗೆ ಒಪ್ಪಿಸಿದ. ಅವರಲ್ಲಿ ಜೇಮ್ಸ್ ಸ್ಕರಿ ಎಂಬ ಹದಿಹರೆಯದ ಹುಡುಗನಿದ್ದ. ಅವನನ್ನೂ ಅವನಂಥ ಇತರ ಹುಡುಗರನ್ನೂ ಶ್ರೀರಂಗಪಟ್ಟಣಕ್ಕೆ ಕರೆತಂದು, ಮತ್ತು ಬರಿಸುವ ಪದಾರ್ಥ ತಿನ್ನಿಸಿ, ಹಿಡಿದು ಸುನ್ನತಿ ಮಾಡಿ, ಹೊಸ ಹೆಸರಿಟ್ಟು, ಚೇಲಾಗಳೆಂದು ಕರೆಯಲಾಗುತ್ತಿದ್ದ ಪಡೆಗಳಿಗೆ ಸೇರಿಸಲಾಯಿತು. ಸ್ಕರಿಗೆ ದೊರೆತ ಹೆಸರು ಶಂಶೇರ್ ಖಾನ್. 1784ರ ಮಾರ್ಚ್‌ನಲ್ಲಿ ಮಂಗಳೂರಿನ ಒಪ್ಪಂದವಾಗಿ ಸೆರೆಯಾಳುಗಳ ಬಿಡುಗಡೆಯಾದಾಗಲೂ ಇಂಥ ಹಲವರು ಅಲ್ಲಿಯೇ ಉಳಿದುಹೋದರು. ಸುಮಾರು ಹತ್ತು ವರ್ಷಗಳ ಬಳಿಕ ಸ್ಕರಿ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಮರಳಿದ. ಅವನ ನೆನಪುಗಳು ಪುಸ್ತಕವಾದದ್ದು 1824ರಲ್ಲಿ, ಅವನು ತೀರಿಕೊಂಡ ಎರಡು ವರ್ಷಗಳ ನಂತರ. ಬಂಗಾಳ ಫಿರಂಗಿದಳದ ಜೇಮ್ಸ್ ಬ್ರಿಸ್ಟೋ ಎಂಬ ಮತ್ತೊಬ್ಬ ಸೆರೆಯಾಳು 1793ರಲ್ಲಿಯೇ ತನ್ನ ಕಥನವನ್ನು ಪ್ರಕಟಿಸಿದ್ದ.

ಟಿಪ್ಪುವಿನ ಹೆಸರೆತ್ತಿದೊಡನೆ ನಮ್ಮಲ್ಲಿ ಪರ ವಿರೋಧ ವಾಗ್ವಾದ ಆರಂಭವಾಗುವುದನ್ನು ಬಲ್ಲೆ. ಈ ಪುಸ್ತಕಗಳು ಶತ್ರುಪಕ್ಷದವರ ಬರಹಗಳು, ಅವುಗಳಲ್ಲಿ ಉತ್ಪ್ರೇಕ್ಷೆಯಿರಬಹುದು ಎಂಬುದೂ ನಿಜ. ಆದುದರಿಂದ ರಾಜಕಾರಣವನ್ನು ಬಿಟ್ಟು, ಅವರು ಯಾವುದಕ್ಕೆ ಮರುಗಿದರೆಂಬುದನ್ನಷ್ಟೇ ಗಮನಿಸೋಣ. ಹಸಿವು, ಬೇಡಿ, ರೋಗ ಎಲ್ಲವನ್ನೂ ಅವರು ಬರೆದಿದ್ದಾರೆ. ಆದರೆ ಹಸಿವು ಅನ್ನದಿಂದ ತೀರುತ್ತದೆ, ಬೇಡಿಯನ್ನು ಕಳಚಬಹುದು. ಇದೊಂದು ಗುರುತು ಮಾತ್ರ ಅಳಿಯುವುದಿಲ್ಲ. ಆ ಸಣ್ಣ ಚರ್ಮದೊಡನೆ ತಾನು ಕ್ರೈಸ್ತನೆಂಬ, ಇಂಗ್ಲಿಷಿನವನೆಂಬ ಹಕ್ಕೇ ಹೊರಟುಹೋಯಿತೆಂದು ಆ ಸೆರೆಯಾಳುಗಳಲ್ಲೊಬ್ಬ ದುಃಖಿಸಿದ್ದಾನೆ. ಗಾಯ ಮಾದ ಮೇಲೂ ಅವರ ಪ್ರಶ್ನೆ ‘ನಾನು ಈಗ ಯಾರು’ ಎಂಬುದಾಗಿತ್ತು. ಸ್ಕರಿ ತಾಯ್ನಾಡಿಗೆ ಮರಳಿದಾಗ ಅವನ ಇಂಗ್ಲಿಷ್ ಮುರುಕಾಗಿತ್ತು. ಕುರ್ಚಿಯಲ್ಲಿ ಕುಳಿತು ಚಾಕು ಮುಳ್ಳುಚಮಚಗಳಲ್ಲಿ ಉಣ್ಣುವುದು ಅವನಿಗೆ ಕಷ್ಟವಾಗಿತ್ತು. ಐರೋಪ್ಯ ಉಡುಪು ಮೈಗೆ ಒಗ್ಗುತ್ತಿರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಅವನಿಗೊಬ್ಬ ಹೆಂಡತಿಯೂ ಮಕ್ಕಳೂ ಇದ್ದರು. ಅವರನ್ನು ಬಿಟ್ಟು ಬಂದಿದ್ದ. ಅಲ್ಲಿಗೂ ಇಲ್ಲಿಗೂ ಸಲ್ಲದವನಾದ ಈ ಸ್ಥಿತಿ ಸುನ್ನತಿಯೊಂದರಿಂದಲೇ ಬಂದದ್ದಲ್ಲ, ಹತ್ತು ವರ್ಷಗಳ ಸೆರೆಯ ಫಲ ಅದು. ಆದರೂ ಆ ಬದಲಾವಣೆಯ ಮೊದಲ ಮೊಹರು ಬಿದ್ದುದು ಶರೀರದ ಮೇಲೆ.

1784ರಲ್ಲಿ ಕೆನರಾದಿಂದ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟ ಮಂಗಳೂರಿನ ಕ್ರೈಸ್ತರಲ್ಲಿಯೂ ಅನೇಕ ಯುವಕರಿಗೆ ಇದೇ ಗತಿಯಾಯಿತು. ಒಟ್ಟು ಎಷ್ಟು ಜನರೆಂಬುದರಲ್ಲಿ ಇತಿಹಾಸಕಾರರ ಲೆಕ್ಕಗಳು ಬಹಳ ಭಿನ್ನವಾಗಿವೆ. 1799ರ ನಂತರ ಊರಿಗೆ ಮರಳಿದವರು ಚರ್ಚುಗಳನ್ನು ಕಟ್ಟಿದರು, ಹೊಲಗಳನ್ನು ಮತ್ತೆ ಉತ್ತರು. ಸೆರೆವಾಸದ ನೆನಪು ಆ ಸಮುದಾಯದಲ್ಲಿ ಇಂದಿಗೂ ಜೀವಂತವಾಗಿದೆ. ಆದರೆ ಸುನ್ನತಿಗೊಳಗಾದ ಆ ಗಂಡಸರು ಹೆಂಡತಿಗೆ, ಮಕ್ಕಳಿಗೆ ಏನು ಹೇಳಿಕೊಂಡಿರಬಹುದು? ಸ್ಕರಿಯಂತೆ ಪುಸ್ತಕ ಬರೆಯುವ ಭಾಗ್ಯ ಅವರದಾಗಿರಲಿಲ್ಲ. ಗಂಡಸಿಗೆ ಇಂಥ ನೋವನ್ನು ಹೇಳಿಕೊಳ್ಳುವುದೇ ಇನ್ನೊಂದು ಅವಮಾನ.

ಹಾಗಾದರೆ ನೋವಿನ ಮೂಲ ಕೊಯ್ತವೇ, ಕೇಳದೆ ಕೊಯ್ದದ್ದೇ? ಈ ಪ್ರಶ್ನೆಗೆ ನಮ್ಮ ಕಾಲದಲ್ಲಿ ಕೀನ್ಯಾ ದೇಶ ಒಂದು ವಿಲಕ್ಷಣ ಉತ್ತರ ಕೊಟ್ಟಿದೆ. ಅಲ್ಲಿನ ಲುವೋ ಜನಾಂಗದಲ್ಲಿ ಸುನ್ನತಿಯ ಸಂಪ್ರದಾಯವಿಲ್ಲ. ಸುನ್ನತಿಯಿಂದ ಏಡ್ಸ್ ಸೋಂಕು ಕಡಿಮೆಯಾಗುವುದೇ ಎಂದು ಪರೀಕ್ಷಿಸಲು ಲುವೋ ಪ್ರದೇಶವಾದ ಕಿಸುಮು ನಗರದಲ್ಲಿ 18ರಿಂದ 24 ವಯಸ್ಸಿನ 2,784 ಯುವಕರನ್ನೊಳಗೊಂಡ ಪ್ರಯೋಗ ನಡೆಯಿತು. 2007ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಅಲ್ಲಿಯೂ, ದಕ್ಷಿಣ ಆಫ್ರಿಕ ಮತ್ತು ಉಗಾಂಡಗಳಲ್ಲಿಯೂ ಗಂಡಸರಿಗೆ ಸೋಂಕು ತಗಲುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಕಡಿಮೆಯಾದುದು ಕಂಡುಬಂತು. ತಿಳಿದು, ಒಪ್ಪಿ, ಸಹಿ ಹಾಕಿ ಸುನ್ನತಿ ಮಾಡಿಸಿಕೊಂಡ ಆ ಯುವಕರನ್ನು ಮುಂದೆ ವಿಚಾರಿಸಿದಾಗ ಬಹುತೇಕರು ತೃಪ್ತರಾಗಿದ್ದರು, ದಾಂಪತ್ಯ ಸುಖಕ್ಕೆ ಕೊರತೆಯಾಯಿತೆನ್ನಲಿಲ್ಲ. ಅದೇ 2007ರ ಡಿಸೆಂಬರಿನಲ್ಲಿ ಕೀನ್ಯಾದಲ್ಲಿ ಚುನಾವಣೆ ನಡೆದು ಜನಾಂಗೀಯ ಹಿಂಸೆ ಭುಗಿಲೆದ್ದಿತು. ನೈವಾಷಾ ಮುಂತಾದೆಡೆ ಗುಂಪುಗಳು ಲುವೋ ಗಂಡಸರನ್ನು ಹಿಡಿದು ಬಲಾತ್ಕಾರವಾಗಿ ಸುನ್ನತಿ ಮಾಡಿದವು. ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಮುಂದೆ ಈ ವಿಷಯ ಬಂದಾಗ, ಸಂತ್ರಸ್ತರ ವಕೀಲರು ಇದನ್ನು ಲೈಂಗಿಕ ಹಿಂಸೆಯೆಂದು ಪರಿಗಣಿಸಬೇಕೆಂದು ವಾದಿಸಿದರು. 2012ರ ಜನವರಿಯಲ್ಲಿ ನ್ಯಾಯಾಲಯ ಅದನ್ನು ಒಪ್ಪದೆ, ‘ಇತರ ಅಮಾನವೀಯ ಕೃತ್ಯ’ಗಳ ಸಾಲಿಗೆ ಸೇರಿಸಿತು. ಮೊಕದ್ದಮೆ ಕೊನೆ ಮುಟ್ಟಲೂ ಇಲ್ಲ. ಒಂದೇ ಜನಾಂಗ, ಒಂದೇ ಕೊಯ್ತ, ಹೆಚ್ಚು ಕಡಿಮೆ ಒಂದೇ ಕಾಲ. ಒಂದು ಕಡೆ ಕೇಳಿದ್ದರು, ಇನ್ನೊಂದು ಕಡೆ ಕೇಳಿರಲಿಲ್ಲ.

ಮಕ್ಕಳ ವಿಷಯ ಇಷ್ಟು ಸ್ಪಷ್ಟವಲ್ಲ. ಹಸುಗೂಸಿಗೆ ನೆನಪಿರುವುದಿಲ್ಲವೆಂಬುದು ಹಳೆಯ ನಂಬಿಕೆ. ಕೆನಡಾದ ಆನಾ ಟಾಡಿಯೊ ಮತ್ತು ಸಂಗಡಿಗರು 1997ರಲ್ಲಿ 87 ಶಿಶುಗಳನ್ನು ಗಮನಿಸಿ, ಸುನ್ನತಿಯಾದ ಶಿಶುಗಳು ನಾಲ್ಕಾರು ತಿಂಗಳ ನಂತರ ಲಸಿಕೆಯ ಸೂಜಿಗೆ ಇತರರಿಗಿಂತ ಹೆಚ್ಚು ನೋವು ತೋರಿಸಿದವೆಂದು ವರದಿ ಮಾಡಿದರು. ಇದರ ಪರಿಣಾಮ ದೊಡ್ಡವರಾದ ಮೇಲೂ ಉಳಿಯುತ್ತದೆಂದು ಇದರಿಂದ ಸಿದ್ಧವಾಗುವುದಿಲ್ಲ. ಉಳಿಯುವುದಿಲ್ಲವೆನ್ನುವ ಅಧ್ಯಯನಗಳೂ ಇವೆ. ಬುದ್ಧಿ ಬಂದ ಮಕ್ಕಳ ಮಾತು ಬೇರೆ. ಟರ್ಕಿಯ ಗೋಕ್ಚೆ ಜಾನ್‌ಸೆವೆರ್ 1965ರಲ್ಲಿಯೇ ನಾಲ್ಕರಿಂದ ಏಳು ವರ್ಷದ ಹನ್ನೆರಡು ಬಾಲಕರನ್ನು ಸುನ್ನತಿಯ ಮೊದಲೂ ಅನಂತರವೂ ಪರೀಕ್ಷಿಸಿ, ಮಕ್ಕಳು ಅದನ್ನು ತಮ್ಮ ಮೇಲಿನ ಆಕ್ರಮಣವೆಂದು ಗ್ರಹಿಸಿ ಅಂತರ್ಮುಖಿಗಳಾದುದನ್ನು ದಾಖಲಿಸಿದರು. ಫಿಲಿಪ್ಪೀನ್ಸ್‌ನಲ್ಲಿ ಸಾವಿರದೈನೂರಕ್ಕೂ ಹೆಚ್ಚು ಬಾಲಕರನ್ನು ವಿಚಾರಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಸ್ಪತ್ರೆಯಲ್ಲಿ ಸುನ್ನತಿಯಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ, ಸಾಂಪ್ರದಾಯಿಕ ರೀತಿಯಲ್ಲಿ ಆದವರಲ್ಲಿ ಮೂರನೆಯ ಎರಡು ಪಾಲಿಗೂ ಹೆಚ್ಚು ಮಂದಿಯಲ್ಲಿ ಆಘಾತೋತ್ತರ ಒತ್ತಡದ ಲಕ್ಷಣಗಳು ಕಂಡವು. ದುರಂತವೊಂದರ ಬಳಿಕ ಕೆಟ್ಟ ಕನಸು, ಬೆಚ್ಚಿಬೀಳುವಿಕೆ, ಆ ಸ್ಥಳ ವ್ಯಕ್ತಿಗಳನ್ನು ತಪ್ಪಿಸುವಿಕೆ ಮುಂದುವರಿದರೆ ಅದಕ್ಕೆ ಈ ಹೆಸರು. ಅಧ್ಯಯನ ಮಾಡಿದವರಲ್ಲೊಬ್ಬರು ಈ ಪದ್ಧತಿಯ ಟೀಕಾಕಾರರಾದ್ದರಿಂದ ಅಂಕಿಗಳನ್ನು ನಾನು ತುಸು ಎಚ್ಚರದಿಂದಲೇ ಓದುತ್ತೇನೆ.

ಸಮುದಾಯವೇ ಸೇರಿ ಹಬ್ಬದಂತೆ ಆಚರಿಸುವಲ್ಲಿ, ಅಣ್ಣನಿಗೂ ಗೆಳೆಯನಿಗೂ ಆದದ್ದೇ ತನಗೂ ಆಗುವಲ್ಲಿ, ಹುಡುಗನ ಭಯಕ್ಕೆ ಒಂದು ಅರ್ಥ ದೊರಕುತ್ತದೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಯೊಂದಿದೆ. ಇಂಗ್ಲಿಷಿನಲ್ಲಿ ಅದರ ಹೆಸರು ‘ರೆಡ್ ಲುಂಗಿ’. ಬೇಸಿಗೆ ರಜೆಯಲ್ಲಿ ಮನೆತುಂಬ ಗಲಾಟೆ ಮಾಡುವ ಮಕ್ಕಳಿಗೆಲ್ಲ ಒಟ್ಟಿಗೆ ಸುನ್ನತಿ ಮಾಡಿಸುವ ಕಥೆ ಅದು. ಉಳ್ಳವರ ಮಗು ವೈದ್ಯರ ಕೈಯಲ್ಲಿಯೂ ನರಳುತ್ತದೆ, ಬಡವರ ಹುಡುಗ ಬೇಗ ಚೇತರಿಸಿಕೊಂಡು ಓಡಾಡುತ್ತಾನೆ. ಲೇಖಕಿ ಯಾರನ್ನೂ ದೂರುವುದಿಲ್ಲ. ಮುಸಲ್ಮಾನ ನೆರೆಯವರ ಮನೆಯ ಒಳಗನ್ನು ಅರಿಯಲು ಅಂಕಿಸಂಖ್ಯೆಗಿಂತ ಅಂಥ ಕಥೆಯೇ ಹೆಚ್ಚು ನೆರವಾದೀತು. ಆ ಹುಡುಗನಿಗೆ ಜೊತೆಯಿದೆ. ನಮ್ಮಂಥ ಮನೆಯ ಹುಡುಗನಿಗೆ ಆ ಜೊತೆಯೂ ಇಲ್ಲ.

ಈಗ ನನ್ನ ಸಹೋದ್ಯೋಗಿಯ ಸಂಗತಿ. ಅವರು ಉಡುಪಿ ಕಡೆಯ ಹಿಂದೂ ಕುಟುಂಬದವರು, ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ಏಳನೆಯ ವಯಸ್ಸಿನಲ್ಲಿ ಸಿನಿಮಾಕ್ಕೆಂದು ಹೇಳಿ ತಂದೆ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಎಚ್ಚರವಾದಾಗ ಆದದ್ದು ತಿಳಿಯಿತು. ಏಕೆ ಮಾಡಿಸಿದರೆಂದು ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಶಾಲೆಯಲ್ಲಿ ಇತರ ಹುಡುಗರ ಜೊತೆ ಮೂತ್ರಕ್ಕೆ ಹೋಗುತ್ತಿರಲಿಲ್ಲ, ಊರಿನಲ್ಲಿ ಹೊಳೆಗೆ ಇಳಿಯುತ್ತಿರಲಿಲ್ಲ. 1992-93ರ ಗಲಭೆಯ ದಿನಗಳಲ್ಲಿ ಗಂಡಸರ ಬಟ್ಟೆ ಬಿಚ್ಚಿಸಿ ನೋಡುತ್ತಾರೆಂಬ ಸುದ್ದಿ ಹಬ್ಬಿದ್ದು ನಮ್ಮ ತಲೆಮಾರಿನವರಿಗೆ ಮರೆತಿಲ್ಲ. ಆ ದಿನಗಳಲ್ಲಿ ಲೋಕಲ್ ಗಾಡಿಯಲ್ಲಿ ಹೋಗುವಾಗ ತನ್ನ ಹೆಸರು ಒಂದು ಹೇಳುತ್ತದೆ, ಮೈ ಇನ್ನೊಂದು ಹೇಳುತ್ತದೆ ಎಂದು ಅವರು ನಡುಗಿದ್ದರಂತೆ. ಇದನ್ನೆಲ್ಲ ಅವರು ನನಗೆ ಹೇಳಿದ್ದು ನಿವೃತ್ತಿಯ ವಾರ, ಕ್ಯಾಂಟೀನಿನಲ್ಲಿ, ಅರ್ಧ ಗಂಟೆಯ ಊಟದ ಬಿಡುವಿನಲ್ಲಿ. ಕೊನೆಗೆ ಹೇಳಿದ ಮಾತು ಇದು: “ಕತ್ತರಿಸಿದ್ದಕ್ಕೆ ನನಗೆ ಸಿಟ್ಟಿಲ್ಲ ಮಾರಾಯರೆ, ಅದು ಬೇಕಿತ್ತೇನೋ. ಅಪ್ಪ ಸಿನಿಮಾ ಅಂತ ಯಾಕೆ ಹೇಳಿದರು?”

ಕಾನೂನು ಈ ವಿಷಯದಲ್ಲಿ ಹಿಂದೆಮುಂದೆ ನೋಡುತ್ತಿದೆ. 2012ರಲ್ಲಿ ಜರ್ಮನಿಯ ಕೊಲೋನ್ ನಗರದ ನ್ಯಾಯಾಲಯ, ಧಾರ್ಮಿಕ ಕಾರಣಕ್ಕೆ ಮಗುವಿನ ಸುನ್ನತಿ ಮಾಡುವುದು ದೈಹಿಕ ಹಾನಿಯೆಂದಿತು; ಯಹೂದ್ಯರೂ ಮುಸಲ್ಮಾನರೂ ಪ್ರತಿಭಟಿಸಿದ ಮೇಲೆ ವರ್ಷಾಂತ್ಯದಲ್ಲಿ ಅಲ್ಲಿನ ಸಂಸತ್ತು ಅದಕ್ಕೆ ಅನುಮತಿ ನೀಡುವ ಕಾನೂನು ತಂದಿತು. ವೈದ್ಯಕೀಯ ಕಾರಣವಿಲ್ಲದ ಶಿಶು ಸುನ್ನತಿಯನ್ನು ಅಕ್ರಮವೆಂದು ಘೋಷಿಸಬೇಕೆಂಬ ಅರ್ಜಿಯನ್ನು ಕೇರಳ ಉಚ್ಚ ನ್ಯಾಯಾಲಯ 2023ರ ಮಾರ್ಚ್‌ನಲ್ಲಿ ತಳ್ಳಿಹಾಕಿತು. ನಮ್ಮ ಕಾನೂನಿನಂತೆ ಹನ್ನೆರಡು ವರ್ಷದೊಳಗಿನ ಮಗುವಿನ ಹಿತಕ್ಕಾಗಿ ಪಾಲಕರು ಒಪ್ಪಿಗೆ ಕೊಡಬಹುದು. ಅದು ಸರಿಯಾದದ್ದೇ, ಐದು ವರ್ಷದ ಮಗು ಶಸ್ತ್ರಚಿಕಿತ್ಸೆಯ ಸಾಧಕ ಬಾಧಕಗಳನ್ನು ತೂಗಲಾರದು. ಆದರೆ ಹತ್ತು ದಾಟಿದ ಹುಡುಗ ಇಂದು ನಮ್ಮ ಕೌಂಟರಿಗೆ ಬಂದು ಸ್ವಂತ ಸಹಿಯಲ್ಲಿ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕಿನ ಅನುಮತಿಯಿದೆ. ಅವನ ಸಹಿಗೆ ಬೆಲೆ ಕೊಡುವ ನಾವು ಅವನ ಮೈಯ ಬಗ್ಗೆ ಅವನಿಗೊಂದು ಮಾತನ್ನೂ ಹೇಳುವುದಿಲ್ಲ.

ಇಷ್ಟನ್ನೂ ಆ ತರುಣ ತಂದೆಗೆ ಫೋನಿನಲ್ಲಿ ಹೇಳಲಾಗಲಿಲ್ಲ. ಇನ್ನೊಬ್ಬ ಮಕ್ಕಳ ಶಸ್ತ್ರವೈದ್ಯರನ್ನು ಕಾಣಿರಿ, ಮಾಲ್ ಎಂದು ಮಾತ್ರ ಹೇಳಬೇಡಿರಿ ಎಂದೆ. ಎಲ್ಲಿಗೆ ಹೋಗುತ್ತೇವೆ, ಯಾವ ಅಂಗಕ್ಕೆ ಏನಾಗುತ್ತದೆ, ನಿದ್ದೆ ಬರಿಸಿ ಮಾಡುತ್ತಾರೆ, ಎದ್ದ ಮೇಲೆ ಕೆಲವು ದಿನ ಉರಿಯುತ್ತದೆ, ಅಪ್ಪ ಅಮ್ಮ ಅಲ್ಲೇ ಇರುತ್ತಾರೆ ಎಂಬಷ್ಟನ್ನು ಮಗುವಿನ ಭಾಷೆಯಲ್ಲಿ ಹಿಂದಿನ ದಿನವೇ ಹೇಳಿದರೆ ಸಾಕು. ಗೊಂಬೆಯೊಂದರ ಮೇಲೆ ತೋರಿಸಿದರೆ ಇನ್ನೂ ಒಳ್ಳೆಯದು. ಮಗು ಅತ್ತರೆ ಅಳಲಿ.

ಹತ್ತು ದಿನಗಳ ನಂತರ ಅವರೇ ಕರೆ ಮಾಡಿದರು. ಎರಡನೆಯ ವೈದ್ಯರು ಆರು ವಾರ ಮುಲಾಮು ಹಚ್ಚಿ ನೋಡೋಣ, ಗುಣವಾಗದಿದ್ದರೆ ಶಸ್ತ್ರಚಿಕಿತ್ಸೆ ಎಂದಿದ್ದಾರಂತೆ. ಎರಡನ್ನೂ ಮಗನಿಗೆ ಹೇಳಿದ್ದಾರೆ. ಅವನು ಅಳಲಿಲ್ಲವಂತೆ. ನೋಯುತ್ತದೆಯೇ ಎಂದು ಕೇಳಿದನಂತೆ, ಆಮೇಲೆ, ಒಳಗಿನ ಕೋಣೆಗೆ ಪಪ್ಪ ಕೂಡ ಬರಬಹುದೇ ಎಂದು. ವೈದ್ಯರನ್ನು ಕೇಳಿ ಹೇಳುತ್ತೇನೆಂದು ಉತ್ತರಿಸಿದ್ದಾರೆ.