ಊದುಕುಲುಮೆಯಲ್ಲಿ ಇಂಧನ ಬಳಕೆ ಮತ್ತು ಉಷ್ಣ ಸಮತೋಲನ

ಊದುಕುಲುಮೆಯು ಕಬ್ಬಿಣದ ಅದಿರನ್ನು ಅಪಕರ್ಷಿಸಿ ದ್ರವರೂಪದ ಬೀಡುಕಬ್ಬಿಣವನ್ನು ಪಡೆಯುವ ಎತ್ತರವಾದ ಕುಲುಮೆ. ಮೇಲಿನಿಂದ ಅದಿರು, ಕೋಕ್ ಮತ್ತು ಸುಣ್ಣಕಲ್ಲನ್ನು ತುಂಬಿ, ಬುಡದ ಊದುಕೊಳವೆಗಳಿಂದ ಗಾಳಿಯನ್ನು ಊದಲಾಗುತ್ತದೆ. ಇಲ್ಲಿ ಕೋಕ್ ಶಾಖವನ್ನು ಕೊಡುವುದಲ್ಲದೆ ಅದಿರಿನ ಆಕ್ಸಿಜನ್ನನ್ನೂ ತೆಗೆಯುತ್ತದೆ. ಮೇಲಿನ ರಾಶಿಯ ಭಾರವನ್ನೂ ಹೊರುತ್ತದೆ. ಇದ್ದಿಲು ಮೆದುವಾದ್ದರಿಂದ ಅದನ್ನು ಬಳಸುವ ಕುಲುಮೆಗಳು ಚಿಕ್ಕವು. 1923ರಲ್ಲಿ ಆರಂಭವಾದ ಭದ್ರಾವತಿಯ ಕುಲುಮೆ ಇದ್ದಿಲಿನದೇ ಆಗಿತ್ತು.

ಉಷ್ಣದ ಲೆಕ್ಕ

ಊದುಕೊಳವೆಗಳ ಮುಂದೆ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಸುತ್ತಲೂ ಕೆಂಡವೇ ಇರುವುದರಿಂದ ಅಲ್ಲಿ ಇಂಗಾಲದ ದಹನ ಕಾರ್ಬನ್ ಮಾನಾಕ್ಸೈಡಿನ ಹಂತದಲ್ಲೇ ನಿಲ್ಲುತ್ತದೆ. ಒಂದು ಕಿಲೋಗ್ರಾಂ ಇಂಗಾಲ ಪೂರ್ತಿ ಉರಿದರೆ ಸುಮಾರು 33 ಮೆಗಾಜೂಲ್ ಶಾಖ ದೊರೆಯುತ್ತದೆ. ಮಾನಾಕ್ಸೈಡ್ ಆದರೆ ಸುಮಾರು 9 ಮಾತ್ರ. ಮೇಲೇರುವ ಈ ಅನಿಲದ ಒಂದು ಪಾಲು ಅದಿರನ್ನು ಅಪಕರ್ಷಿಸಿ ಡಯಾಕ್ಸೈಡ್ ಆಗುತ್ತದೆ. ಉಳಿದದ್ದು ಉರಿಯಬಲ್ಲ ಅನಿಲವಾಗಿಯೇ ಕುಲುಮೆಯ ಬಾಯಿಯಿಂದ ಹೊರಬರುತ್ತದೆ.

ಶಾಖದ ಒಟ್ಟು ಮೊತ್ತವಷ್ಟೇ ಇಲ್ಲಿ ಮುಖ್ಯವಲ್ಲ. ಕಬ್ಬಿಣ ಮತ್ತು ಕಿಟ್ಟವನ್ನು ಕರಗಿಸಿ ಹರಿಯುವಂತೆ ಇರಿಸಲು ಸುಮಾರು 1400–1500 ಡಿಗ್ರಿಗಿಂತ ಮೇಲಿನ ಕಾವಿನಲ್ಲಿರುವ ಶಾಖವೇ ಬೇಕು. ಅದಕ್ಕಿಂತ ತಣಿದ ಅನಿಲ ಮೇಲಿನ ರಾಶಿಯನ್ನು ಬಿಸಿಮಾಡೀತೇ ಹೊರತು ಬುಡದಲ್ಲಿ ಕರಗಿಸುವ ಕೆಲಸಕ್ಕೆ ಬಾರದು.

ಬಿಸಿಗಾಳಿ

ಜೇಮ್ಸ್ ಬೋಮಂಟ್ ನೀಲ್ಸನ್ 1828ರಲ್ಲಿ ಬಿಸಿಗಾಳಿ ಊದುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಂದಿನ ಕುಲುಮೆಗಾರರ ನಂಬಿಕೆ ಇದಕ್ಕೆ ವಿರುದ್ಧವಾಗಿತ್ತು: ಚಳಿಗಾಲದಲ್ಲಿ ಕುಲುಮೆ ಚೆನ್ನಾಗಿ ನಡೆಯುವುದನ್ನು ಕಂಡು ಅವರು ತಣ್ಣನೆಯ ಗಾಳಿಯೇ ಉತ್ತಮವೆಂದು ಭಾವಿಸಿದ್ದರು. ನಿಜವಾದ ಕಾರಣ ಚಳಿಗಾಲದ ಗಾಳಿಯಲ್ಲಿ ತೇವ ಕಡಿಮೆ ಇರುವುದು. ನೀರಾವಿಯ ವಿಭಜನೆ ಬುಡದ ಶಾಖವನ್ನು ಹೀರುತ್ತದೆ. ಗ್ಲಾಸ್ಗೊ ಬಳಿಯ ಕ್ಲೈಡ್ ಕಾರ್ಖಾನೆಯಲ್ಲಿ 1829ರಲ್ಲಿ ಒಂದು ಟನ್ ಕಬ್ಬಿಣಕ್ಕೆ ಸುಮಾರು 8 ಟನ್ ಕಲ್ಲಿದ್ದಲು ಬೇಕಾಗುತ್ತಿತ್ತು. 1830ರಲ್ಲಿ ಗಾಳಿಯನ್ನು ಸುಮಾರು 150 ಡಿಗ್ರಿಗೆ ಕಾಯಿಸಿದಾಗ ಅದು ಸುಮಾರು 5 ಟನ್ನಿಗೆ ಇಳಿಯಿತು.

ಗಾಳಿ ಕಾಯಿಸಲು ಖರ್ಚಾದ ಕಲ್ಲಿದ್ದಲಿಗಿಂತ ಉಳಿತಾಯ ಹಲವು ಪಟ್ಟು ಹೆಚ್ಚು ಎಂಬುದು ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಹೊರಗಿನ ಒಲೆಯಲ್ಲಿ ಕಲ್ಲಿದ್ದಲು ಪೂರ್ತಿ ಉರಿಯುತ್ತದೆ. ಗಾಳಿ ತರುವ ಶಾಖ ನೇರವಾಗಿ ಬುಡಕ್ಕೇ ಸೇರುತ್ತದೆ, ಜ್ವಾಲೆಯ ಉಷ್ಣತೆಯೂ ಏರುತ್ತದೆ. ಕೋಕ್ ತಗ್ಗಿದಂತೆ ಊದಬೇಕಾದ ಗಾಳಿಯೂ ಅನಿಲದೊಂದಿಗೆ ಹೊರಹೋಗುವ ಶಾಖವೂ ತಗ್ಗುತ್ತವೆ.

1857ರಲ್ಲಿ ಬಂದ ಕೌಪರ್ ಕಾಯಿಸುಗೂಡುಗಳಲ್ಲಿ ಬಿಸಿ ಇಟ್ಟಿಗೆಗಳ ನಡುವೆ ಗಾಳಿಯನ್ನು ಹಾಯಿಸಲಾಗುತ್ತದೆ. ಇಟ್ಟಿಗೆಗಳನ್ನು ಕಾಯಿಸಲು ಕುಲುಮೆಯ ಬಾಯಿಯಿಂದ ಬರುವ ಅನಿಲವನ್ನೇ ಉರಿಸಬಹುದು. ಈಗ ಗಾಳಿಯ ಉಷ್ಣತೆ 1000–1250 ಡಿಗ್ರಿ. ಒಳ್ಳೆಯ ಕುಲುಮೆಯಲ್ಲಿ ಟನ್ ಕಬ್ಬಿಣಕ್ಕೆ ಕೋಕ್ ಮತ್ತು ಕಲ್ಲಿದ್ದಲಿನ ಪುಡಿ ಸೇರಿ ಸುಮಾರು 500 ಕಿಲೋಗ್ರಾಂ ಸಾಕು. ಊದುಕೊಳವೆಗಳಿಂದ ಹಾಯಿಸುವ ಈ ಪುಡಿ ಕೋಕಿಗಿಂತ ಅಗ್ಗ, ಆದರೆ ಜ್ವಾಲೆಯನ್ನು ತಣಿಸುತ್ತದೆ. ಆದ್ದರಿಂದ ಅದರ ಜೊತೆಗೆ ಗಾಳಿಗೆ ಹೆಚ್ಚುವರಿ ಆಕ್ಸಿಜನ್ ಬೆರೆಸುವುದು ವಾಡಿಕೆ.