ವೇಗಕ್ಕೇಕೆ ಹೆಸರಿಲ್ಲ? ಒಂದು ಬೋಧನಾಭ್ಯಾಸದ ಅನುಭವ

ಬೀಳಗಿಯ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಬಲ ಮತ್ತು ಚಲನೆಯ ಪಾಠ ಮಾಡುತ್ತಿದ್ದೆ. ಕಪ್ಪುಹಲಗೆಯ ಮೇಲೆ ಏಕಮಾನಗಳ ಕೋಷ್ಟಕ ಬರೆದಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಬಲಕ್ಕ ನ್ಯೂಟನ್ ಅಂತ ಹೆಸರೈತಿ. ವೇಗಕ್ಕ, ಸಂವೇಗಕ್ಕ ಯಾಕಿಲ್ರಿ?" "ಪುಸ್ತಕದಾಗ ಹಂಗ ಐತಿ, ಬರ್ಕೋರಿ" ಎಂದು ಮುಂದೆ ಸಾಗಿದೆ. ಆ ಅವಧಿಯಲ್ಲಿ ಆಕೆ ಮತ್ತೆ ಕೈ ಎತ್ತಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಅದನ್ನೇ ಗುರುತಿಸಿದ್ದರು.

ಮರುದಿನ ಆ ಪ್ರಶ್ನೆಯಿಂದಲೇ ಪಾಠ ಆರಂಭಿಸಿದೆ. "ಮಳೆಗಾಲದಾಗ ಆಲಮಟ್ಟಿಗೆ ಬರೋ ನೀರು ಹೆಂಗ ಹೇಳ್ತಾರ?" ಇಡೀ ತರಗತಿ "ಕ್ಯೂಸೆಕ್!" ಎಂದಿತು. ಕೃಷ್ಣೆಯ ಹಿನ್ನೀರಿನ ತಾಲ್ಲೂಕಿನ ಮಕ್ಕಳಿಗೆ ಈ ಪದ ಹೊಸದಲ್ಲ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ನಮ್ಮ ಪಠ್ಯದ ಎಸ್‌ಐ ಪದ್ಧತಿಯಲ್ಲಿ ಇದೇ ಹರಿವಿನ ಏಕಮಾನ 'ಘನ ಮೀಟರ್ ಪ್ರತಿ ಸೆಕೆಂಡ್'. ಅದಕ್ಕೆ ಬೇರೆ ಹೆಸರಿಲ್ಲ. ಪರಿಮಾಣ ಒಂದೇ. ದಿನವೂ ಹೇಳಬೇಕಾದವರು ಚಿಕ್ಕ ಹೆಸರು ಮಾಡಿಕೊಂಡರು. ಹಾಗೆಯೇ ನಾವಿಕರು ವೇಗಕ್ಕೆ 'ನಾಟ್' ಎನ್ನುತ್ತಾರೆ.

ಹೆಸರಿಡುವುದು ನಿಸರ್ಗದ ನಿಯಮವಲ್ಲ, ಬಳಕೆದಾರರ ಒಪ್ಪಂದ. ಇದಕ್ಕೆ ಮುಖ್ಯವಾಗಿ ಎರಡು ಕಾರಣ ಕಾಣುತ್ತವೆ. ಮೊದಲನೆಯದು ಅನುಕೂಲ. 'ಮೀಟರ್ ಪ್ರತಿ ಸೆಕೆಂಡ್' ಹೇಳುವುದು ಸುಲಭ. ಬಲವನ್ನು ಪ್ರತಿಸಲ 'ಕಿಲೋಗ್ರಾಂ ಮೀಟರ್ ಪ್ರತಿ ಸೆಕೆಂಡ್ ವರ್ಗ' ಎನ್ನುವುದು ತೊಡಕು. ಒತ್ತಡ, ಕೆಲಸ, ಸಾಮರ್ಥ್ಯ ಎಲ್ಲದರಲ್ಲೂ ಬಲ ಬರುತ್ತದೆ. ತೂಕ ಮತ್ತು ಅಳತೆಗಳ ಮಹಾಸಮ್ಮೇಳನವು 1948ರಲ್ಲಿ ನ್ಯೂಟನ್ ಹೆಸರನ್ನೂ 1971ರಲ್ಲಿ ಪಾಸ್ಕಲ್ ಹೆಸರನ್ನೂ ಒಪ್ಪಿತು. ಸಂವೇಗದ ಏಕಮಾನವೂ ಉದ್ದವೇ, ಆದರೆ ಅದಕ್ಕೆ ಹೆಸರು ಬಂದಿಲ್ಲ. ಅಂದರೆ ಉದ್ದವೊಂದೇ ಕಾರಣವಲ್ಲ.

ಎರಡನೆಯದು ಗೊಂದಲದ ನಿವಾರಣೆ. ಹರ್ಟ್ಸ್, ಬೆಕರೆಲ್ ಎರಡೂ ಮೂಲದಲ್ಲಿ 'ಪ್ರತಿ ಸೆಕೆಂಡ್'. ಒಂದು ಆವೃತ್ತಿಗೆ, ಇನ್ನೊಂದು ವಿಕಿರಣಶೀಲತೆಗೆ. ಹೆಸರು ಬೇರೆಯಾದ್ದರಿಂದ ಯಾವುದನ್ನು ಅಳೆಯುತ್ತಿದ್ದೇವೆ ಎಂಬುದು ತಪ್ಪುವುದಿಲ್ಲ.

ಕೊನೆಗೆ ಒಂದು ಲೆಕ್ಕ ಕೊಟ್ಟೆ: ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಒಂದು ದಿನದಲ್ಲಿ ಅಷ್ಟು ನೀರು ಬರಲು ಹರಿವು ಎಷ್ಟಿರಬೇಕು? 86,400ರಿಂದ ಭಾಗಿಸಿ "11,574 ಕ್ಯೂಸೆಕ್ ರೀ" ಎಂದು ಮೊದಲು ಹೇಳಿದವಳು ಅದೇ ವಿದ್ಯಾರ್ಥಿನಿ.

ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ಏಕಮಾನಗಳ ಕೋಷ್ಟಕ ಬರೆಸುವ ಮೊದಲು ಊರಿನಲ್ಲಿ ಬಳಕೆಯಲ್ಲಿರುವ ಅಳತೆಯೊಂದನ್ನು ಮಕ್ಕಳಿಂದಲೇ ಹೇಳಿಸಿ. ಉತ್ತರ ಗೊತ್ತಿಲ್ಲದಿದ್ದರೆ "ನಾಳೆ ನೋಡಿ ಹೇಳ್ತೀನಿ" ಎನ್ನಿ.