ಖಾಲಿ ಬೈಟುಗಳ ಕಾಟ

ಮುಂಬ್ರಾ ನಿಲ್ದಾಣದಲ್ಲಿ ಲೋಕಲ್ ಬರಲಿ, ಗೂಡ್ಸ್ ಹೋಗಲಿ, ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್. 1854ರಲ್ಲಿ ರೈಲು ಥಾಣೆಯಿಂದ ಕಲ್ಯಾಣಕ್ಕೆ ಮುಂದುವರಿದಾಗಲೂ ಅಷ್ಟೇ ಇತ್ತು. ಎಂಜಿನ್ ಉಗಿಯದೋ ವಿದ್ಯುತ್ತಿನದೋ, ಹಳಿಗೇನು? ಕಂಪ್ಯೂಟರ್ ಜಾಲದ ತಂತಿಯಲ್ಲೂ ಬೈಟುಗಳ ಕ್ರಮ ಹೀಗೆಯೇ ಮೊದಲೇ ನಿಗದಿಯಾಗಿರುತ್ತದೆ. ಎಡವಟ್ಟಾಗುವುದು ಯಂತ್ರದೊಳಗೆ.

ಸಿ ಭಾಷೆಯಲ್ಲಿ ಬರೆಯುವವರು ಸಂದೇಶದ ಭಾಗಗಳನ್ನು ‘ಸ್ಟ್ರಕ್ಟ್’ ಎಂಬ ಒಂದು ಕಟ್ಟಿನಲ್ಲಿ ಸಾಲಾಗಿ ಇಡುತ್ತಾರೆ. ಸಂದೇಶದ ಬಗೆಗೆ 1 ಬೈಟ್, ಉದ್ದಕ್ಕೆ 4, ಗುರುತಿನ ಸಂಖ್ಯೆಗೆ 2. ಒಟ್ಟು 7 ಆಗಬೇಕು. ಆದರೆ ಬಹುತೇಕ ಯಂತ್ರಗಳಲ್ಲಿ ಅಳತೆ ಕೇಳಿದರೆ 12 ಎಂದು ಬರುತ್ತದೆ! 4 ಬೈಟಿನ ಸಂಖ್ಯೆ 4ರಿಂದ ಭಾಗವಾಗುವ ವಿಳಾಸದಲ್ಲಿದ್ದರೆ ಪ್ರೊಸೆಸರ್‌ಗೆ ಸಲೀಸು. ಅದಕ್ಕಾಗಿ ಕಂಪೈಲರ್ ನಡುವೆ 3, ಕೊನೆಗೆ 2 ಖಾಲಿ ಬೈಟ್ ಸೇರಿಸುತ್ತದೆ. ಇದೇ ಪ್ಯಾಡಿಂಗ್. ಸ್ಟ್ರಕ್ಟನ್ನು ಹಾಗೇ ಎತ್ತಿ ಕಳಿಸಿದರೆ ಖಾಲಿ ಬೈಟುಗಳೂ ಹೊರಡುತ್ತವೆ, ಕೆಲವೊಮ್ಮೆ ಮೆಮೊರಿಯಲ್ಲಿ ಉಳಿದಿದ್ದ ಹಳೆಯ ಗುಟ್ಟುಗಳನ್ನು ಹೊತ್ತುಕೊಂಡು.

‘ಪ್ಯಾಕ್ಡ್’ ಎಂದು ಬರೆದು ಪ್ಯಾಡಿಂಗ್ ತೆಗೆಸಿಬಿಡಬಹುದಲ್ಲ? ತೆಗೆಸಬಹುದು. ಆದರೆ ಅದು ಸಿ ಭಾಷೆಯ ಮಾನಕದಲ್ಲಿಲ್ಲ. ಒಂದೊಂದು ಕಂಪೈಲರ್‌ಗೆ ಒಂದೊಂದು ರೀತಿ. ಮೇಲಾಗಿ, ಹಾಗೆ ಒತ್ತೊತ್ತಾಗಿ ಕೂಡಿಸಿದ ಸಂಖ್ಯೆಯ ವಿಳಾಸವನ್ನು ಪಾಯಿಂಟರ್‌ನಲ್ಲಿಟ್ಟು ಬೇರೆಡೆ ಬಳಸಿದರೆ ಇಂಟೆಲ್ ಯಂತ್ರ ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ, ಸ್ಪಾರ್ಕ್ ಯಂತ್ರದಲ್ಲಿ ಪ್ರೋಗ್ರಾಮೇ ಕುಸಿಯುತ್ತದೆ. ಕೆಲವು ಹಳೆಯ ಆರ್ಮ್ ಚಿಪ್‌ಗಳು ಸದ್ದಿಲ್ಲದೆ ತಪ್ಪು ಸಂಖ್ಯೆ ಕೊಡುತ್ತಿದ್ದವು. ಕುಸಿಯುವುದೇ ವಾಸಿ.

ಇನ್ನು ಬೈಟುಗಳ ಕ್ರಮ. ಸಂಖ್ಯೆಯ ದೊಡ್ಡ ಸ್ಥಾನದ ಬೈಟ್ ಮೊದಲೋ ಚಿಕ್ಕ ಸ್ಥಾನದ್ದು ಮೊದಲೋ ಎಂಬ ಜಗಳಕ್ಕೆ ಕಂಪ್ಯೂಟರ್ ವಿಜ್ಞಾನಿ ಡ್ಯಾನಿ ಕೋಹೆನ್ 1980ರ ಏಪ್ರಿಲ್ 1ರಂದು, ಗಲಿವರನ ಕಥೆಯ ಮೊಟ್ಟೆ ಒಡೆಯುವ ಪಂಗಡಗಳ ಹೆಸರಿಟ್ಟರು. ಇಂಟರ್‌ನೆಟ್ ಆರಿಸಿಕೊಂಡದ್ದು ದೊಡ್ಡದು ಮೊದಲು ಎಂಬ ಕ್ರಮ. ಇಂಟೆಲ್‌ನದು ತಿರುಗುಮುರುಗು. ಬದಲಿಸುವುದನ್ನು ಮರೆತರೆ 80ನೇ ಪೋರ್ಟ್ 20480 ಆಗುತ್ತದೆ. ಪ್ಯಾಕ್ ಮಾಡಿದರೂ ಇದು ಸರಿಹೋಗದು.

ಒಂದೇ ಬಗೆಯ ಯಂತ್ರಗಳಿರುವ ತನಕ ಇದಾವುದೂ ಕಾಣುವುದಿಲ್ಲ. 1986ರಲ್ಲಿ ಶುರುವಾದ ಅರ್ನೆಟ್ ಎಂಬ ಶೈಕ್ಷಣಿಕ ಜಾಲವು ಮುಂಬೈಯ ಸಾಫ್ಟ್‌ವೇರ್ ಸಂಸ್ಥೆ ಎನ್‌ಸಿಎಸ್‌ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳನ್ನು ಜೋಡಿಸುವಾಗ, ಯಾರ ಬಳಿ ಯಾವ ಯಂತ್ರವಿದೆ ಎಂದು ನೆಚ್ಚಿ ಕೋಡ್ ಬರೆಯುವಂತಿರಲಿಲ್ಲ. ಇಂದು ನವಿ ಮುಂಬೈಯ ಡೇಟಾ ಸೆಂಟರ್‌ಗಳಿಗೂ ಅದೇ ಮಾತು.

ಭದ್ರವಾದ ದಾರಿ ಹಳೆಯದೇ: ಸ್ಟ್ರಕ್ಟನ್ನು ಕಳಿಸಬೇಡಿ, ಸಂಖ್ಯೆಯ ಬಿಟ್‌ಗಳನ್ನು ಸರಿಸಿ (ಶಿಫ್ಟ್ ಮಾಡಿ) ಒಂದೊಂದೇ ಬೈಟ್ ಬರೆಯಿರಿ, ಹಾಗೆಯೇ ಓದಿ. ಇದು ನಿಧಾನ ಎಂಬ ನೆಪ ಈಗ ನಡೆಯದು. ಇಂದಿನ ಜಿಸಿಸಿ, ಕ್ಲ್ಯಾಂಗ್ ಕಂಪೈಲರ್‌ಗಳು ಆ ಶಿಫ್ಟ್‌ಗಳನ್ನು ಗುರುತಿಸಿ ಒಂದೆರಡು ಸೂಚನೆಗೆ ಇಳಿಸುತ್ತವೆ.